ಬೇವಾರಸು

‘ಅನ್‌ಕ್ಲೇಮ್ಡ್’ ಎಂಬ ಇಂಗ್ಲಿಷ್ ಗುಣವಾಚಕವನ್ನು ‘ವಾರಸುದಾರರಿಲ್ಲದ’ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಮೂಲವಾದ ಲ್ಯಾಟಿನ್ನಿನ ‘ಕ್ಲಾಮಾರೆ’ಗೆ ಕೂಗು ಎಂದರ್ಥ. ‘ನನ್ನದು’ ಎಂದು ಯಾರೂ ಕೂಗಿಲ್ಲ, ಅಷ್ಟೆ; ಒಡೆಯನಿದ್ದಾನು. ಬ್ಯಾಂಕಿನಲ್ಲಿ 10 ವರ್ಷ ಯಾರೂ ಕೇಳದ ಠೇವಣಿ, 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿದರೂ ಒಡೆಯನ ಹಕ್ಕು ಅಳಿಯದು. ಅರಬ್ಬಿಯ ‘ವಾರಿಸ್’ಗೆ ಪಾರಸಿಯ ‘ಬೇ’ ಹತ್ತಿ ಆದ ‘ಬೇವಾರಸು’ ಬೇರೆಯೇ ಮಾತು: ಅಲ್ಲಿ ಉತ್ತರಾಧಿಕಾರಿಯೇ ಇಲ್ಲ. (ನಮ್ಮ ಬೀದಿಗಳಲ್ಲಂತೂ ಅದು ಬೈಗುಳವಾಯಿತು!)

ಈ ಅಂತರ ಬರಿಯ ನಿಘಂಟಿನದಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತುಪುತ್ರನಿದ್ದ. ‘ನಮ್ಮದು’ ಎಂದು ಕೂಗಲು ರಾಣಿ ಚೆನ್ನಮ್ಮನಿದ್ದಳು. ಆದರೂ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನೊಪ್ಪದೆ ಸಂಸ್ಥಾನವನ್ನು ಬೇವಾರಸೆಂದೇ ಬಗೆದು ಬೊಕ್ಕಸಕ್ಕೆ ಮುದ್ರೆಯೊತ್ತಿಸಿದ. ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಹತನಾದ.