ಬೀಸುವ ಕಲ್ಲಿನ ಬಳಿ ಹುಟ್ಟಿದ ಕಾವ್ಯ

ಹಿಟ್ಟಿನ ಗಿರಣಿ ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ಬೆಳಗಾಗುತ್ತಿದ್ದುದು ಬೀಸುವ ಕಲ್ಲಿನ ಸದ್ದಿನೊಡನೆ. ನಸುಕಿನಲ್ಲೇ ಎದ್ದ ಹೆಂಗಸರು ಜೋಳ ಬೀಸುತ್ತ ತವರನ್ನು, ಅಣ್ಣನನ್ನು, ತೊಟ್ಟಿಲ ಕೂಸನ್ನು ನೆನೆದು ಹಾಡುತ್ತಿದ್ದರು. ತೋಳಿನ ದಣಿವು ಮರೆಸುತ್ತಿದ್ದ ಆ ಪದಗಳನ್ನು ಕಾವ್ಯವೆಂದು ಎಣಿಸಿದವರು ಕಡಿಮೆ, ಹಾಡಿದವರಂತೂ ಹಾಗೆಂದುಕೊಳ್ಳಲಿಲ್ಲ.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಕೆಲವು ಗೆಳೆಯರು ಇವಕ್ಕೆ ಕಿವಿಗೊಟ್ಟರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರು ಸಂಗ್ರಹಿಸಿದ ಹೆಣ್ಣುಮಕ್ಕಳ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರಬಂದವು. ಓದುಬರಹವಿಲ್ಲದ ಬಾಯಿಗಳಲ್ಲಿ ಎಂಥ ಕಾವ್ಯವಿದೆಯೆಂದು ಕನ್ನಡ ನಾಡು ಕಂಡುಕೊಂಡಿತು.

ಬೀಸುವ ಪದಗಳಲ್ಲಿ ಹೆಚ್ಚಿನವು ತ್ರಿಪದಿಗಳು. ಸುಮಾರು ಕ್ರಿ.ಶ. 700ರಲ್ಲಿ ಬಾದಾಮಿಯ ಬಂಡೆಯ ಮೇಲೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಇದೇ ಛಂದಸ್ಸಿದೆ. ಆ ವೀರನ ಹೆಸರನ್ನು ಬಂಡೆ ಕಾಯ್ದಿಟ್ಟಿತು. ಹಾಡು ಕಟ್ಟಿದ ತಾಯಂದಿರ ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಬಾಯಿಂದ ಬಾಯಿಗೆ ಬಂದ ಅವರ ಹಾಡುಗಳಲ್ಲಿ, ಯಾರೋ ಕುಳಿತು ಬರೆದುಕೊಂಡಷ್ಟು ಇಂದು ನಮ್ಮ ಕೈಗೆ ಸಿಕ್ಕಿವೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಬೀಸುವ ಕಲ್ಲಿಲ್ಲ. ಆದರೆ ಊರಿನಿಂದ ಬಂದಿರುವ ಅಜ್ಜಿಯ ನೆನಪಿನಲ್ಲಿ ಇನ್ನೂ ನಾಲ್ಕು ಪದಗಳಿದ್ದಾವು. ಮಕ್ಕಳಿಗೆ ಕನ್ನಡ ಬರೆಯಲು ಬಾರದೆಂದು ಕೊರಗುವುದೇಕೆ? ಬರುವ ಭಾನುವಾರ ಅವರನ್ನು ಅಜ್ಜಿಯ ಪಕ್ಕದಲ್ಲಿ ಕೂಡಿಸೋಣ. ಅವರು ಬಲ್ಲ ಲಿಪಿಯಲ್ಲಿಯೇ ಬರೆದುಕೊಳ್ಳಲಿ. ತಡಮಾಡಿದರೆ ಕೇಳಲು ನಾವಿರುತ್ತೇವೆ, ಹಾಡಲು ಅವರಿರುವುದಿಲ್ಲ.