ಮೆಣಸಿನ ರಾಣಿಯ ಊರು ಗೇರುಸೊಪ್ಪೆ

ಹೊನ್ನಾವರದಿಂದ ಶರಾವತಿಯ ದಡವನ್ನು ಹಿಡಿದು ಸುಮಾರು ೩೦ ಕಿಲೋಮೀಟರು ಮೂಡಣಕ್ಕೆ ಸಾಗಿದರೆ ಗೇರುಸೊಪ್ಪೆ ಸಿಗುವುದು. ಬಯಲು ಅಲ್ಲಿಗೆ ಮುಗಿದು ಘಟ್ಟವು ಗೋಡೆಯಂತೆ ಏಳುತ್ತದೆ. ಅಲ್ಲಿಂದ ಮುಂದೆ ನಿತ್ಯಹಸುರಿನ ದಟ್ಟಡವಿ. ಶಾಸನಗಳಲ್ಲಿ ಈ ಊರಿಗೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳುಂಟು. ಭಲ್ಲಾತಕವೆಂದರೆ ಕರಿಗೇರು. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಬೆಳೆಯುವ ಗೇರು ಪೋರ್ಚುಗೀಸರೊಡನೆ ಬಂದ ಪರದೇಶಿ. ಊರಿನ ಹೆಸರಿನಲ್ಲಿರುವುದು ಅದಕ್ಕಿಂತ ಹಳೆಯ ಮರವೆಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಕಳೆದ ಬೇಸಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ, ನನಗಿಂತ ನಾಲ್ಕುನೂರು ವರ್ಷಗಳ ಹಿಂದೆ ಅದೇ ದಾರಿಯಲ್ಲಿ ಹೋದವನೊಬ್ಬನ ಪತ್ರಗಳ ಆಂಗ್ಲಾನುವಾದ ಚೀಲದಲ್ಲಿತ್ತು. ಆತ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ೧೬೨೩ರ ಮಳೆಗಾಲ ಕಳೆದ ಮೇಲೆ, ಗೋವೆಯಿಂದ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಹೊಳೆಯನ್ನು ಏರಿದನು. ತಾನು ಕಂಡ ಹೊಳೆಗಳಲ್ಲಿ ಇದು ಬಹು ಸುಂದರವಾದದ್ದೆಂದು ಮನಸಾರೆ ಹೊಗಳಿದ್ದಾನೆ. ಗೇರುಸೊಪ್ಪೆಯಲ್ಲಿ ಇಳಿದಾಗ ಮಾತ್ರ ಅವನ ಕಣ್ಣಿಗೆ ಬಿದ್ದದ್ದು ಕೆಲವು ರೈತರ ಗುಡಿಸಲುಗಳು. ಅರಮನೆ ಬಿದ್ದುಹೋಗಿತ್ತು, ನಗರದ ಮೇಲೆ ಮರಗಳು ಬೆಳೆದಿದ್ದವು.

ಇದು ಎಷ್ಟು ವರ್ಷಗಳಲ್ಲಿ ಆದ ಹಾಳು? ಕೆಳದಿಯ ಹಿರಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದದ್ದು ೧೬೦೬ರ ಸುಮಾರಿಗೆಂದು ಚರಿತ್ರಕಾರರ ಎಣಿಕೆ. ಅಂದರೆ ಹದಿನೇಳು ಮಳೆಗಾಲಗಳು ಮಾತ್ರ! ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳನ್ನು ನುಂಗಲು ಆ ಕಾಡಿಗೆ ಅಷ್ಟೇ ಸಾಕಾಯಿತು.

ಅದಕ್ಕೆ ಮೊದಲು ಅಲ್ಲಿ ಅರ್ಧ ಶತಮಾನ ಆಳಿದವಳು ಸಾಳುವ ವಂಶದ ಮಹಾಮಂಡಲೇಶ್ವರಿ ಚೆನ್ನಭೈರಾದೇವಿ. ಘಟ್ಟದ ಮೇಲಿನ ಕರಿಮೆಣಸು ಹೇರೆತ್ತುಗಳ ಬೆನ್ನಮೇಲೆ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಸಮುದ್ರದ ಕಡೆಯಿಂದ ಬರುವ ದೊಡ್ಡ ದೋಣಿಗಳಿಗೆ ಅದೇ ಕೊನೆಯ ತಂಗುದಾಣ. ಎತ್ತಿನಿಂದ ದೋಣಿಗೆ ಮೂಟೆ ಬದಲಾಗುವ ಈ ಒಂದು ಜಾಗವನ್ನು ಹಿಡಿದವರು ಇಡೀ ವ್ಯಾಪಾರವನ್ನೇ ಹಿಡಿದಂತೆ. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ. ೧೫೬೯ರಲ್ಲಿ ಅವರು ಹೊನ್ನಾವರದ ಮೇಲೆ ಬಿದ್ದದ್ದೂ ಸುಮ್ಮನೆ ಅಲ್ಲ.

ಇಂಥ ರಾಜ್ಯ ಏಕೆ ಅಳಿಯಿತು? ದೆಲ್ಲಾ ವಾಲ್ಲೆಯು ಬರೆಯುವಂತೆ, ರಾಣಿಯು ಪರಸ್ಥಳದ ಹೀನಕುಲದವನೊಬ್ಬನಿಗೆ ಮನಸೋತು ಅಧಿಕಾರವನ್ನೆಲ್ಲ ಅವನ ಕೈಗೆ ಕೊಟ್ಟದ್ದೇ ಅನರ್ಥಕ್ಕೆ ಮೂಲ. ಈ ಕಥೆಯನ್ನು ಓದುವಾಗ ಒಂದು ವಿಷಯವನ್ನು ನಾವು ಮರೆಯಲಾಗದು. ಅವನ ಜೊತೆಯಲ್ಲಿ ಪ್ರಯಾಣ ಮಾಡುತ್ತಿದ್ದವನು ವೆಂಕಟಪ್ಪ ನಾಯಕನ ರಾಯಭಾರಿ. ಅವನು ಹೋಗುತ್ತಿದ್ದದ್ದು ಗೆದ್ದವನ ಆಸ್ಥಾನಕ್ಕೆ. ಸೋತವಳ ಕಡೆಯಿಂದ ಮಾತಾಡಲು ಆ ಗುಡಿಸಲುಗಳಲ್ಲಿ ಯಾರಿದ್ದರು? ಪ್ರಾಮಾಣಿಕನಾದ ಪ್ರವಾಸಿ ತಾನು ಕೇಳಿದ್ದನ್ನು ಬರೆದ, ಅಷ್ಟೆ. ಮೆಣಸಿನ ಆದಾಯದ ಮೇಲೆ ಕಣ್ಣಿಟ್ಟ ನೆರೆರಾಜ್ಯವೊಂದು ಘಟ್ಟದ ಮೇಲೆ ಬಲಿತು ನಿಂತಿರುವಾಗ, ರಾಣಿಯ ಪ್ರಣಯವನ್ನು ಕಾರಣವಾಗಿ ಹುಡುಕುವ ಅಗತ್ಯ ನನಗೇನೋ ತೋರುವುದಿಲ್ಲ. ಅದೇ ಕೆಳದಿ ಮನೆತನದವರು ಮುಂದೆ ನಮ್ಮ ಬೇಕಲದವರೆಗೆ ಬಂದು ಕೋಟೆ ಕಟ್ಟಿದರು. ಆ ದಂಡಯಾತ್ರೆಗೆ ಯಾರೂ ಪ್ರೇಮಕಥೆಯನ್ನು ಹೇಳುವುದಿಲ್ಲ.

ಉಪಾಧ್ಯಾಯ ಬಂಧುಗಳಿಗೆ ಪ್ರಿಯವಾಗುವ ಒಂದು ಸಂಗತಿ ಇದೇ ಪತ್ರಗಳಲ್ಲಿದೆ. ಗೇರುಸೊಪ್ಪೆಯನ್ನು ಬಿಟ್ಟು ಘಟ್ಟವೇರಿದ ಮೇಲೆ, ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಆತ ಕಂಡನು. ಒಬ್ಬನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕೆ ಬರೆಯುವನು. ಉಳಿದವರೂ ಹಾಗೆಯೇ ಹಾಡಿ ಬರೆಯುವರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಹರಡುವರು. ಗುರುಗಳಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತರೆ ಇನ್ನೊಬ್ಬನು ತಿದ್ದುವನೆಂದು ಉತ್ತರ ಬಂತು. ಉತ್ತರ ಸರಿಯೆಂದು ಅವನೂ ಒಪ್ಪಿದನು. ರಾಣಿಯ ಕಥೆಯನ್ನು ಕೇಳುವಾಗಲೂ ಅವನಿಗೆ ಇನ್ನೂ ಮೂವರು ಸಿಕ್ಕಿದ್ದರೆ!

ಸಿಕ್ಕದ ಸಾಕ್ಷಿಗಳಲ್ಲಿ ಕೆಲವು ಕಲ್ಲಿನವು. ಹೊಳೆಯಾಚೆಯ ನಗರಬಸ್ತಿಕೇರಿಯಲ್ಲಿ, ಕಾಡುದಾರಿಯ ಕೊನೆಗೆ, ೧೬ನೆಯ ಶತಮಾನದ ಚತುರ್ಮುಖ ಬಸದಿ ಇದೆ: ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕು ಕಡೆಗೂ ಮುಖಮಾಡಿದ ತೀರ್ಥಂಕರರು. ಸುತ್ತಮುತ್ತ ಬೇರೆ ಬಸದಿಗಳೂ ಶಾಸನದ ಕಲ್ಲುಗಳೂ ಇವೆ. ಆ ಶಾಸನಗಳಲ್ಲಿ ಕಾಣುವುದು ಶ್ರೇಷ್ಠಿಗಳೆನಿಸಿದ ವರ್ತಕರು ಮಾಡಿದ ದಾನಧರ್ಮ. ಈಚೆಗೆ ಊರಿನ ಬಳಿ ವಿದ್ಯುತ್ತಿಗಾಗಿ ಅಣೆಕಟ್ಟೆಯೂ ಬಂದಿದೆ. ಬಸದಿಯ ಅಂಗಳದಲ್ಲಿ ನಿಂತಿದ್ದಾಗ ಕಾವಲುಗಾರನನ್ನು ರಾಣಿಯ ಅರಮನೆ ಎಲ್ಲಿತ್ತೆಂದು ಕೇಳಿದೆ. ಆತ ಮಾತಾಡದೆ ಮರಗಳ ಕಡೆಗೆ ಕೈ ತೋರಿಸಿದನು.