ಜಕ್ಕೂರು ವಿಮಾನ ದುರಂತ (2004)

2004ರ ಏಪ್ರಿಲ್ 17ರ ಬೆಳಗ್ಗೆ ಬೆಂಗಳೂರಿನ ಜಕ್ಕೂರಿನಿಂದ ಹೊರಟ ಒಂಟಿ ಎಂಜಿನ್ನಿನ ಸೆಸ್ನಾ 180 ವಿಮಾನ, ಮೇಲೆದ್ದ ಸ್ವಲ್ಪ ಹೊತ್ತಿಗೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣಕ್ಕೆ ಬಿದ್ದು ಹೊತ್ತಿ ಉರಿದ ಅವಘಡ. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ, ಅವರ ಸಹೋದರ ಸೇರಿ ವಿಮಾನದಲ್ಲಿದ್ದ ನಾಲ್ವರೂ ಅಸುನೀಗಿದರು. ‘ದ್ವೀಪ’ ಚಿತ್ರದ ನಿರ್ಮಾಪಕಿಯಾಗಿ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದಿದ್ದ ಸೌಂದರ್ಯರಿಂದ ಕನ್ನಡ ಚಿತ್ರರಂಗ ಇನ್ನೂ ಬಹಳಷ್ಟು ನಿರೀಕ್ಷಿಸಿತ್ತು.

ಇಂಥ ಒಂಟಿ ಎಂಜಿನ್ನಿನ ಪುಟ್ಟ ವಿಮಾನಗಳಿಗೆ ನೆಲ ಬಿಟ್ಟ ಮೊದಲ ನಿಮಿಷವೇ ಬಲು ಅಪಾಯದ್ದು. ಎತ್ತರ ಸಾಲದು, ವೇಗವೂ ಕಡಿಮೆ. ಆಗ ಮೂತಿಯನ್ನು ಅತಿಯಾಗಿ ಎತ್ತಿದರೆ, ಇಲ್ಲವೇ ಕಡಿದಾಗಿ ತಿರುಗಿಸಿದರೆ, ರೆಕ್ಕೆಗಳು ವಿಮಾನವನ್ನು ಹಿಡಿದಿಡಲಾರವು. ಸಾವರಿಸಿಕೊಳ್ಳಲು ಕೆಳಗೆ ಎಡೆಯೂ ಇರುವುದಿಲ್ಲ. ಎಂಜಿನ್ ಕೈಕೊಟ್ಟರೆ ಇನ್ನೊಂದಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿರುವ ಬೆಂಗಳೂರಿನಲ್ಲಿ ಬೇಸಿಗೆಯ ಗಾಳಿ ತೆಳುವಾಗುವುದರಿಂದ, ಭಾರ ಹೊತ್ತ ವಿಮಾನ ಏರುವುದೂ ನಿಧಾನ.